ಮೊದಲ ಕಿರುಪರೀಕ್ಷೆಯ ನಂತರ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮೇಲೆ, ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಕರೆದು ಸನ್ಮಾನಿಸುವ ಪದ್ಧತಿ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಉಂಟು. ಆ ಚಪ್ಪಾಳೆಯ ಸದ್ದಡಗಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಅದೇ ಮಕ್ಕಳಲ್ಲಿ ಕೆಲವರು ಕಾಲೇಜಿನ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಮನೆಗೆ ಮರಳುತ್ತಾರೆ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಪದವಿಪೂರ್ವ ತರಗತಿಗಳಿಗೆ ಪಾಠ ಹೇಳುವ ನನ್ನ ಬಳಿಗೆ ಒಮ್ಮೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಮಗಳು ಕನ್ನಡ ಮಾಧ್ಯಮದಲ್ಲಿ ಓದಿ ಶಾಲೆಗೇ ಮೊದಲಿಗಳಾಗಿದ್ದವಳು. ಈಗ ಭೌತಶಾಸ್ತ್ರದಲ್ಲಿ ಅನುತ್ತೀರ್ಣಳು. "ಸರ್, ಇವಳಿಗೆ ವಿಜ್ಞಾನ ಬೇಡ, ಬಿಡಿಸಿಬಿಡುತ್ತೇನೆ. ನಮ್ಮಂಥವರಿಗೆ ಇದೆಲ್ಲ ಆಗುವುದಲ್ಲ" ಎಂದರು ತಾಯಿ. ಹುಡುಗಿ ತಲೆ ಎತ್ತಲಿಲ್ಲ.

ವೇಗೋತ್ಕರ್ಷವೆಂದರೇನು ಎಂದು ಅವಳನ್ನು ಕನ್ನಡದಲ್ಲಿ ಕೇಳಿದೆ. ತಡವರಿಸದೆ ಹೇಳಿದಳು. ಸಂವೇಗವನ್ನೂ ಹೇಳಿದಳು. ಅದೇ ಪ್ರಶ್ನೆ ಆಂಗ್ಲ ಭಾಷೆಯಲ್ಲಿ ಬಂದಾಗ ಅವಳು ಜಾಗ ಖಾಲಿ ಬಿಟ್ಟಿದ್ದಳು. ಇನ್ನೂ ಸ್ವಲ್ಪ ಕೆದಕಿದಾಗ ತಿಳಿದದ್ದೇನೆಂದರೆ, 'ಅಕ್ಸಿಲರೇಷನ್' ಎಂಬ ಪದ ಅವಳಿಗೆ ಅಷ್ಟರಲ್ಲಿ ಪರಿಚಯವಾಗಿತ್ತು. ಅರ್ಥವಾಗದೆ ಉಳಿದದ್ದು 'ಡಿರೈವ್', 'ಡಿಸ್ಟಿಂಗ್ವಿಷ್', 'ಜಸ್ಟಿಫೈ' ಎಂಬ ಆಜ್ಞಾಪದಗಳು. ಏನು ಮಾಡಬೇಕೆಂದು ಪ್ರಶ್ನೆ ಹೇಳುತ್ತಿದೆಯೋ ಅದೇ ತಿಳಿಯದಿದ್ದರೆ, ಗೊತ್ತಿರುವ ಉತ್ತರವೂ ಒಳಗೇ ಉಳಿದುಬಿಡುತ್ತದೆ.

ಹೊರೆಯ ಲೆಕ್ಕವನ್ನೂ ಪೋಷಕರು ಗಮನಿಸಬೇಕು. ಹತ್ತನೆಯ ತರಗತಿಯಲ್ಲಿ ವಿಜ್ಞಾನವೆಂಬುದು 625 ಅಂಕಗಳಲ್ಲಿ 100 ಅಂಕಗಳ ಒಂದು ವಿಷಯ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಪ್ರತ್ಯೇಕವಾಗಿ ನಿಂತು, 600ರಲ್ಲಿ ತಲಾ 100 ಅಂಕಗಳನ್ನು ಕೇಳುತ್ತವೆ. ಭೌತಶಾಸ್ತ್ರದ ಪುಸ್ತಕವೊಂದೇ ಎರಡು ಸಂಪುಟ. ಆಂಗ್ಲ ಮಾಧ್ಯಮದಿಂದ ಬಂದವರಿಗೂ ಸುಖವಿಲ್ಲ: ಭೌತಶಾಸ್ತ್ರದ ಆರಂಭದ ಅಧ್ಯಾಯಗಳಲ್ಲೇ ಬೇಕಾಗುವ ಕಲನಶಾಸ್ತ್ರವು ಗಣಿತದ ಪುಸ್ತಕದಲ್ಲಿ ಕೊನೆಯ ಭಾಗಕ್ಕೆ ಬರುತ್ತದೆ! ಪ್ರೌಢಶಾಲೆಯಲ್ಲಿ ಶಿಕ್ಷಕರು ಉತ್ತರ ಬರೆಸಿ, ಪುಸ್ತಕ ತಿದ್ದಿ, ಸಹಿ ಹಾಕುತ್ತಿದ್ದರು. ಇಲ್ಲಿ ಗಂಟೆ ಬಾರಿಸಿದೊಡನೆ ಉಪನ್ಯಾಸಕರು ಹೊರಟುಹೋಗುತ್ತಾರೆ. ನಮ್ಮ ತಪ್ಪೂ ಇದರಲ್ಲಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ತಾಯಿಗೆ ನಾನು ಹೇಳಿದ್ದು ಸಂತ ಇಗ್ನೇಷಿಯಸ್ ಲೊಯೋಲಾರ ವಿದ್ಯಾಭ್ಯಾಸದ ಸಂಗತಿ. ಯೇಸುಸಭೆಯನ್ನು ಸ್ಥಾಪಿಸಿದ, ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದ ಗುರುಗಳಿಗೆ ಮೂಲಪುರುಷರಾದ ಈ ಸಂತರು, 1524ರಲ್ಲಿ ತಮ್ಮ ಮೂವತ್ತರ ಪ್ರಾಯ ದಾಟಿದ ಮೇಲೆ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ತೊಡಗಿದರು. 1526ರಲ್ಲಿ ಅಲ್ಕಲಾ ವಿಶ್ವವಿದ್ಯಾಲಯಕ್ಕೆ ಹೋಗಿ ತರ್ಕ, ಭೌತಶಾಸ್ತ್ರ, ದೈವಶಾಸ್ತ್ರಗಳನ್ನು ಒಟ್ಟೊಟ್ಟಿಗೆ ಕೈಗೆತ್ತಿಕೊಂಡರು. ಯಾವುದೂ ಗಟ್ಟಿಯಾಗಿ ನಿಲ್ಲಲಿಲ್ಲ. 1528ರಲ್ಲಿ ಪ್ಯಾರಿಸ್ ತಲುಪಿದಾಗ, ತಮ್ಮ ಅಡಿಪಾಯ ಸಾಲದೆಂದು ಕಂಡುಕೊಂಡು, ಮೊಂತೆಗ್ಯೂ ಕಾಲೇಜಿನಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ವ್ಯಾಕರಣವನ್ನು ಮತ್ತೆ ಮೊದಲಿನಿಂದ ಓದಿದರು. ಸ್ನಾತಕೋತ್ತರ ಪದವಿ ಅವರ ಕೈಸೇರಿದ್ದು 1535ರಲ್ಲಿ. ಸಂತರ ತಪಸ್ಸನ್ನು ಕುರಿತು ಬಹಳ ಪ್ರವಚನಗಳನ್ನು ಕೇಳಿದ್ದೇವೆ. ಈ ವ್ಯಾಕರಣದ ಪಾಠವನ್ನು ಕುರಿತು ಕೇಳಿದ ನೆನಪು ನನಗಿಲ್ಲ.

ವಾಣಿಜ್ಯವೋ ಕಲೆಯೋ ಮಗುವಿಗೆ ನಿಜವಾಗಿ ಇಷ್ಟವಿದ್ದರೆ ಬದಲಾಯಿಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಒಂದು ಕಿರುಪರೀಕ್ಷೆಯನ್ನು ನಂಬಿ ಅದನ್ನು ನಿರ್ಧರಿಸಬಾರದು. ತರಗತಿಯ ಪಾಠವೇ ಅರ್ಥವಾಗದ ಮಗುವನ್ನು ಸಾಲ ಮಾಡಿ ಕೋಚಿಂಗ್‌ಗೆ ಸೇರಿಸುವುದೂ ಬೇಡ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ.

ಹುಡುಗಿಗೆ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಉದ್ದಕ್ಕೆ ಗೆರೆ ಎಳೆಯಲು ಹೇಳಿದೆ. ಎಡಕ್ಕೆ ಹತ್ತನೆಯ ತರಗತಿಯ ಕನ್ನಡ ಪದ, ಬಲಕ್ಕೆ ಇಂದಿನ ಆಂಗ್ಲ ಪದ; ದಿನಕ್ಕೆ ಹತ್ತು. ಆಜ್ಞಾಪದಗಳಿಗೆ ಕೊನೆಯ ಪುಟಗಳು. ನಾಳೆಯ ಪಾಠದ ಎರಡು ಪುಟಗಳನ್ನು ಇಂದೇ ಓದಿಕೊಂಡು ಬರಬೇಕು, ಸಂದೇಹವಿದ್ದರೆ ತರಗತಿಯ ನಂತರ ಕನ್ನಡದಲ್ಲೇ ಕೇಳಬೇಕು. ಇಷ್ಟೇ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳು ಉತ್ತೀರ್ಣಳಾದಳು. ಅಂಕಗಳು ಸನ್ಮಾನಕ್ಕೆ ಸಾಲುವಷ್ಟಿರಲಿಲ್ಲ.

ಆ ತಾಯಿ ಮತ್ತೆ ಸಿಕ್ಕಿದ್ದು ಕ್ರಿಸ್ಮಸ್ ಮುಗಿದ ಮೇಲೆ. ಅವರಿಗೆ ಇಂಗ್ಲಿಷ್ ಓದಲು ಬಾರದು. ಆದರೂ ರಾತ್ರಿ ಜಪಸರದ ನಂತರ ಅಡುಗೆಮನೆಯಲ್ಲಿ ನೋಟ್‌ಬುಕ್ ತೆರೆದು, ಎಡಗಡೆಯ ಪದವನ್ನು ಅವರು ಓದುತ್ತಾರಂತೆ. ಬಲಗಡೆಯದನ್ನು ಮಗಳು ನೋಡದೆ ಹೇಳಬೇಕು. "ಅವಳು ತಪ್ಪು ಹೇಳಿದರೂ ನನಗೆ ತಿಳಿಯುವುದಿಲ್ಲ ಸರ್. ಆದರೆ ಅವಳ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ" ಎಂದು ನಕ್ಕರು. ಒಂಬತ್ತನೆಯ ತರಗತಿಯ ತಮ್ಮನೂ ಈಗ ಪಕ್ಕದಲ್ಲಿ ಬಂದು ಕೂರುತ್ತಾನಂತೆ.