ಗ್ಯಾಸ್ ಪೈಪ್‌ನಲ್ಲಿ ಹೈಡ್ರೋಜನ್: ಬಿಲ್ ಕಡಿಮೆ ಆಗುತ್ತಾ?

ಶಹಾಪುರ, ಸುರಪುರದ ಮನೆಗಳ ಸಿಲಿಂಡರ್‌ಗೂ ಇದಕ್ಕೂ ಸಂಬಂಧ ಇಲ್ಲ, ಅದರಲ್ಲಿರೋದು ಎಲ್‌ಪಿಜಿ. ಹೈಡ್ರೋಜನ್ ಬೆರೆಸೋದು ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ. ಸೂರತ್ ಬಳಿಯ ಕವಾಸ್‌ನಲ್ಲಿ ಎನ್‌ಟಿಪಿಸಿ 2023ರ ಜನವರಿಯಲ್ಲಿ ತನ್ನ ಟೌನ್‌ಶಿಪ್ ಮನೆಗಳಿಗೆ ಇದನ್ನು ಶುರು ಮಾಡಿತು. ಸೋಲಾರ್ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆದು ಮೊದಲು ಶೇ 5, ಆಮೇಲೆ ಶೇ 8ರಷ್ಟು ಬೆರೆಸಿದರು.

ಲೆಕ್ಕ ಇರೋದು ಇಲ್ಲೇ. ಒಂದು ಘನ ಮೀಟರ್ ಹೈಡ್ರೋಜನ್ ಕೊಡುವ ಶಾಖ ನೈಸರ್ಗಿಕ ಅನಿಲದ ಮೂರನೇ ಒಂದು ಭಾಗದಷ್ಟು. ಶೇ 8 ಬೆರೆಸಿದರೆ ಅಷ್ಟೇ ರೊಟ್ಟಿ ಬೇಯಿಸಲು ಸುಮಾರು ಶೇ 5–6ರಷ್ಟು ಹೆಚ್ಚು ಗ್ಯಾಸ್ ಬೇಕು. ಮೀಟರ್ ಅಳೆಯೋದು ಶಾಖವನ್ನಲ್ಲ, ಗಾತ್ರವನ್ನು. ದರ ಇಳಿಸದಿದ್ದರೆ ಹೊರೆ ಗ್ರಾಹಕರ ಮೇಲೇ.

ಒಂದು ಕೆಜಿ ಹೈಡ್ರೋಜನ್‌ಗೆ ಕನಿಷ್ಠ 9 ಲೀಟರ್ ಶುದ್ಧ ನೀರೂ ಬೇಕು. ಯಾದಗಿರಿಯಲ್ಲಿ ಬಿಸಿಲಿಗೇನೂ ಬರ ಇಲ್ಲ. ನೀರಿಗೆ ಮಾತ್ರ ಕೃಷ್ಣಾ, ಭೀಮಾ ಕಡೆಗೇ ನೋಡಬೇಕು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು ಮೊದಲೇ ಆ ನೀರಿಗೆ ಕಾಯ್ತಾ ಇದ್ದಾರೆ.