ಗುರುವಿಲ್ಲದೆ ಕ್ರಮವಿಧಿ ಕಲಿಯಬಹುದೆ?

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಒಂದೊಂದೇ ಹೆಜ್ಜೆಯಾಗಿ ವಿಂಗಡಿಸಿ, ಅದಕ್ಕೆ ತಿಳಿಯುವ ಭಾಷೆಯಲ್ಲಿ ಬರೆದ ಆದೇಶಗಳ ಮಾಲೆಗೆ ಕ್ರಮವಿಧಿ ಅಥವಾ ಪ್ರೋಗ್ರಾಮ್ ಎಂದು ಹೆಸರು. ಕಾಲೇಜಿನಲ್ಲಿ ಈ ವಿಷಯವನ್ನು ಆರಿಸಿಕೊಳ್ಳದವರಿಗೆ ಈ ವಿದ್ಯೆ ದಕ್ಕುವುದೇ ಎಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುವುದುಂಟು.

ಈ ವಿದ್ಯೆಯ ಚರಿತ್ರೆಯೇ ಅದಕ್ಕೆ ಉತ್ತರ ಹೇಳುತ್ತದೆ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 1946ರಲ್ಲಿ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಗಣಕಯಂತ್ರವನ್ನು ಜನರ ಮುಂದೆ ಪ್ರದರ್ಶಿಸಲಾಯಿತು. ಫಿರಂಗಿಯ ಗುಂಡು ಸಾಗುವ ಪಥವನ್ನು ಅದು ಲೆಕ್ಕಹಾಕುವಂತೆ ಅಣಿಮಾಡಿದವರು ಆರು ಮಂದಿ ತರುಣಿಯರು. ಅವರ ಕೈಯಲ್ಲಿ ಕ್ರಮವಿಧಿಯ ಪಠ್ಯಪುಸ್ತಕವಿರಲಿಲ್ಲ. ಯಂತ್ರದ ರೇಖಾಚಿತ್ರಗಳನ್ನು ಅಭ್ಯಾಸಮಾಡಿ, ಅದನ್ನು ಕಟ್ಟಿದ ಇಂಜಿನಿಯರುಗಳನ್ನು ಪ್ರಶ್ನಿಸಿ ಅವರು ಕಲಿತರು.

ಇಂದು ಪೈಥಾನ್‌ನಂಥ ಭಾಷೆಗಳು ಉಚಿತವಾಗಿ ದೊರೆಯುತ್ತವೆ. ಆದರೆ ಒಂಟಿಯಾಗಿ ಕಲಿಯುವವನಿಗೆ ಒಂದು ಅಪಾಯವುಂಟು. ಭಾಷೆಯ ತಪ್ಪನ್ನು ಯಂತ್ರವು ಕೂಡಲೆ ಎತ್ತಿ ತೋರಿಸೀತು. ಯೋಚನೆಯ ತಪ್ಪನ್ನು ತೋರಿಸದು. ಆದುದರಿಂದ, ಉತ್ತರ ಮೊದಲೇ ತಿಳಿದಿರುವ ಲೆಕ್ಕದಿಂದ ಪ್ರಾರಂಭಿಸುವುದು ಲೇಸು.

ನಿಶ್ಚಲ ಸ್ಥಿತಿಯಿಂದ ಬೀಳುವ ಕಲ್ಲನ್ನು ತೆಗೆದುಕೊಳ್ಳೋಣ. ಗಾಳಿಯ ತಡೆಯನ್ನು ಬಿಟ್ಟು, ವೇಗೋತ್ಕರ್ಷವನ್ನು 9.8 ಎಂದಿಟ್ಟುಕೊಂಡರೆ, ಮೊದಲ ಸೆಕೆಂಡಿನಲ್ಲಿ ಅದು 4.9 ಮೀಟರ್ ಬೀಳುತ್ತದೆ. ಈಗ ಸೂತ್ರವನ್ನು ಬದಿಗಿಟ್ಟು, ಸೆಕೆಂಡನ್ನು ಹತ್ತು ಭಾಗ ಮಾಡಿ. ಪ್ರತಿ ಭಾಗದ ಆರಂಭದ ವೇಗವನ್ನು 0.1ರಿಂದ ಗುಣಿಸಿ ದೂರಕ್ಕೆ ಸೇರಿಸಿ, ಬಳಿಕ ವೇಗಕ್ಕೆ 0.98 ಕೂಡಿಸುವಂತೆ ಆದೇಶ ಬರೆಯಿರಿ. ಉತ್ತರ 4.41 ಬರುತ್ತದೆ. ಹೀಗೆಯೇ ನೂರು ಭಾಗ ಮಾಡಿದರೆ 4.851, ಸಾವಿರ ಭಾಗ ಮಾಡಿದರೆ 4.8951. ಒಂದೊಂದು ಭಾಗದೊಳಗೆ ವೇಗ ಹೆಚ್ಚುವುದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಭಾಗ ಕಿರಿದಾದಷ್ಟೂ ಈ ಕೊರತೆಯೂ ಕಿರಿದಾಗುತ್ತದೆ.

ಇದನ್ನೇ ಬರೆದ ವಿದ್ಯಾರ್ಥಿಯೊಬ್ಬನ ಯಂತ್ರವು ನಿಲ್ಲಲೇ ಇಲ್ಲ. ತನಗೆ ಈ ವಿದ್ಯೆ ಒಲಿಯದೆಂದು ಅವನು ಕೈಬಿಡುವುದರಲ್ಲಿದ್ದನು. ಕಾಲವು 1ಕ್ಕೆ ಸಮನಾದಾಗ ನಿಲ್ಲಬೇಕೆಂದು ಅವನ ಆದೇಶ. ಪ್ರತಿ ಹೆಜ್ಜೆಯಲ್ಲಿಯೂ ಕಾಲವನ್ನು ಪರದೆಯ ಮೇಲೆ ಬರೆಯಿಸಿ ನೋಡಿದೆವು. ಹತ್ತನೆಯ ಹೆಜ್ಜೆಯಲ್ಲಿ ಕಂಡದ್ದು 0.9999999999999999! ಮುಂದಿನ ಹೆಜ್ಜೆಯಲ್ಲಿ ಅದು 1ನ್ನು ದಾಟಿಹೋಯಿತು. ದಶಮಾನದಲ್ಲಿ ಮೂರನೆಯ ಒಂದು ಭಾಗವು ಹೇಗೆ ಮುಗಿಯದ ಸಾಲೋ, ಯಂತ್ರವು ಬಳಸುವ ದ್ವಿಮಾನದಲ್ಲಿ ಹತ್ತನೆಯ ಒಂದು ಭಾಗವೂ ಹಾಗೆಯೇ. ಅದನ್ನು ಎಲ್ಲಿಯಾದರೂ ಕತ್ತರಿಸಲೇಬೇಕು. ಕಾಲದ ಬದಲು ಹೆಜ್ಜೆಗಳನ್ನು 1, 2, 3 ಎಂದು ಎಣಿಸಿದೊಡನೆ ಯಂತ್ರ ನಿಂತಿತು. ಹುಡುಗನ ಮುಖವೂ ಅರಳಿತು.

ಇಷ್ಟು ಕೈವಶವಾದ ಮೇಲೆ ಗಾಳಿಯ ತಡೆಯನ್ನೂ ಸೇರಿಸಿ ನೋಡಿ. ಅಲ್ಲಿ ಪಠ್ಯಪುಸ್ತಕದ ಸುಲಭ ಸೂತ್ರ ನೆರವಿಗೆ ಬಾರದು. ನಿಮ್ಮ ಕ್ರಮವಿಧಿಯನ್ನೇ ನಂಬಬೇಕಾಗುತ್ತದೆ. ತಿಳಿದ ಉತ್ತರದೊಡನೆ ಮೊದಲು ತಾಳೆನೋಡಿದವನ ನಂಬಿಕೆಗೆ ಆಧಾರವಿರುತ್ತದೆ.