ಆಕಾಶ ಅಳೆಯುವ ರಾಕೆಟ್

ಬಾವಿ ಎಷ್ಟು ಆಳ ಇದೆ? ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡ್ತೀವಿ. ಆಕಾಶದಲ್ಲಿ ಬಹಳ ಎತ್ತರದಲ್ಲಿ ಏನಿದೆ? ಅಲ್ಲಿಗೆ ಹಗ್ಗ ಮುಟ್ಟೋದಿಲ್ಲ. ಅದಕ್ಕೇ ವಿಜ್ಞಾನಿಗಳು ರಾಕೆಟ್ ಹಾರಿಸುತ್ತಾರೆ.

ಭೂಮಿಯ ಉತ್ತರದ ತುದಿಗೆ ಉತ್ತರ ಧ್ರುವ ಅಂತಾರೆ. ಆ ಕಡೆಗೆ ನಾರ್ವೆ ಎಂಬ ದೇಶ ಇದೆ. ಅಲ್ಲಿ ರಾತ್ರಿ ಆಕಾಶದಲ್ಲಿ ಹಸಿರು, ಕೆಂಪು ಬೆಳಕು ಕಾಣುತ್ತದೆ. ಗಾಳಿಗೆ ಸೀರೆಯ ಸೆರಗು ಆಡಿದ ಹಾಗೆ ಆಡುತ್ತದೆ. ಇದೇ ಧ್ರುವಪ್ರಭೆ.

ಈ ಬೆಳಕು ಹೇಗೆ ಬರುತ್ತದೆ? ಸೂರ್ಯನಿಂದ ಬಿಸಿಲು ಮಾತ್ರ ಬರುವುದಿಲ್ಲ. ವಿದ್ಯುತ್ ತುಂಬಿದ ಸಣ್ಣ ಸಣ್ಣ ಕಣಗಳೂ ಬರುತ್ತವೆ. ಭೂಮಿ ಒಂದು ದೊಡ್ಡ ಅಯಸ್ಕಾಂತದ ಹಾಗೆ. ಅದು ಈ ಕಣಗಳನ್ನು ಧ್ರುವದ ಕಡೆಗೆ ತಿರುಗಿಸುತ್ತದೆ. ಕಣಗಳು ಮೇಲಿನ ತೆಳು ಗಾಳಿಗೆ ಬಡಿಯುತ್ತವೆ. ಆಗ ಗಾಳಿ ಹೊಳೆಯುತ್ತದೆ.

ನೋಡೋಕೆ ಚೆಂದ. ಆದರೆ ಕಣಗಳ ಹೊಡೆತ ಜೋರಾದರೆ ತೊಂದರೆ. ರೇಡಿಯೋ ಕೆಡುತ್ತದೆ. ಕರೆಂಟೂ ಹೋಗಬಹುದು. 1989ರ ಮಾರ್ಚ್‌ನಲ್ಲಿ ಕೆನಡಾ ದೇಶದ ಕ್ವಿಬೆಕ್‌ನಲ್ಲಿ ಹಾಗೇ ಆಯಿತು. ಸುಮಾರು 60 ಲಕ್ಷ ಜನ ಕತ್ತಲೆಯಲ್ಲಿ ಕೂತರು. ಆದ್ದರಿಂದ ಇದನ್ನು ತಿಳಿಯಬೇಕು.

ಧ್ರುವಪ್ರಭೆ ಇರೋದು 100 ಕಿಲೋಮೀಟರು ಮತ್ತು ಅದಕ್ಕಿಂತ ಮೇಲೆ. ಬಲೂನು ಸುಮಾರು 40 ಕಿಲೋಮೀಟರಿಗೇ ನಿಲ್ಲುತ್ತದೆ. ಉಪಗ್ರಹ ಇನ್ನೂ ಮೇಲೆ ಸುತ್ತುತ್ತದೆ. ನಡುವಿನ ಜಾಗಕ್ಕೆ ರಾಕೆಟ್ಟೇ ಬೇಕು. ರಾಕೆಟ್ಟಿನಲ್ಲಿ ಅಳೆಯುವ ಯಂತ್ರ ಇಡುತ್ತಾರೆ. ಅದು ಮೇಲೇರುತ್ತಾ ಅಳೆಯುತ್ತದೆ. ರೇಡಿಯೋ ಮೂಲಕ ಸುದ್ದಿ ಕಳಿಸುತ್ತದೆ. ಕೆಲವೇ ನಿಮಿಷದಲ್ಲಿ ಕೆಳಗೆ ಬೀಳುತ್ತದೆ.

ನಾರ್ವೆಯ ಆಂಡೋಯಾ ದ್ವೀಪದಿಂದ 1962ರಿಂದ ಇಂಥ ರಾಕೆಟ್ ಹಾರಿಸುತ್ತಾ ಬಂದಿದ್ದಾರೆ. 1995ರ ಜನವರಿ 25ರಂದು ಒಂದು ದೊಡ್ಡ ರಾಕೆಟ್ ಹಾರಿತು. ಧ್ರುವಪ್ರಭೆ ನೋಡೋದೇ ಅದರ ಕೆಲಸ. ನಾರ್ವೆಯವರು ರಷ್ಯಾ ದೇಶಕ್ಕೆ ಮೊದಲೇ ತಿಳಿಸಿದ್ದರು. ಆದರೆ ಆ ಸುದ್ದಿ ರಷ್ಯಾದ ಗಡಿ ಕಾಯುವ ರಾಡಾರಿನವರಿಗೆ ಮುಟ್ಟಲೇ ಇಲ್ಲ. ಶತ್ರುಗಳ ಅಣುಬಾಂಬೇ ಬಂತು ಅಂತ ಅವರು ಹೆದರಿದರು. ಸುದ್ದಿ ಅಧ್ಯಕ್ಷ ಯೆಲ್ಟ್ಸಿನ್ ತನಕ ಹೋಯಿತು. ಅಣುಬಾಂಬು ಹಾಕಲು ಅಪ್ಪಣೆ ಕೊಡುವ ಪೆಟ್ಟಿಗೆ ಅವರ ಮುಂದೆ ಬಂತು. ಅಷ್ಟರಲ್ಲಿ ರಾಕೆಟ್ ತಮ್ಮ ಕಡೆ ಬರುತ್ತಿಲ್ಲ ಅಂತ ಗೊತ್ತಾಯಿತು. ಅದು ದೂರದ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಬಿತ್ತು. ಯಾರಿಗೂ ಏನೂ ಆಗಲಿಲ್ಲ.

ನೋಡಿದಿರಾ ಅಕ್ಕ? ಬರೆದು ಕಳಿಸಿದರೆ ಸಾಲದು. ಓದಬೇಕಾದವರ ಕೈಗೆ ಅದು ಸೇರಬೇಕು.